ರೈಲಿನ ಯಜಮಾನಿಕೆಯೂ ಪ್ರಯಾಣಿಕರ ಮಾತೂ

ರೈಲುಗಳ ನಡವಳಿಕೆಯನ್ನು ಖಾಸಗಿಯವರ ಕೈಗೆ ಕೊಡಬೇಕೆ, ಸರಕಾರದ ಕೈಯಲ್ಲಿಯೇ ಉಳಿಸಿಕೊಳ್ಳಬೇಕೆ ಎಂಬ ವಾದವು ನಮ್ಮಲ್ಲಿ ಆಗಾಗ ಎದ್ದು ಆಗಾಗ ಅಡಗುತ್ತಿರುವುದನ್ನು ವಾಚಕ ಮಹಾಶಯರು ಬಲ್ಲರು. ವಾದವನ್ನು ಎತ್ತುವವರು ಸಾಮಾನ್ಯವಾಗಿ ಎರಡು ಪಕ್ಷದವರು. ಒಬ್ಬರು ಬಂಡವಾಳದ ಲೆಕ್ಕವನ್ನು ಹೇಳುತ್ತಾರೆ. ಮತ್ತೊಬ್ಬರು ರಾಷ್ಟ್ರದ ಸ್ವತ್ತಿನ ಮಾತನ್ನಾಡುತ್ತಾರೆ. ಬೆಳಗಾಗುವುದಕ್ಕೆ ಮುಂಚೆ ಬುತ್ತಿಯನ್ನು ಕಟ್ಟಿಕೊಂಡು ಚನ್ನಪಟ್ಟಣದ ಸ್ಟೇಷನ್ನಿಗೆ ನಡೆದು ಬಂದು, ಗಾಡಿಯಲ್ಲಿ ಒಂದು ಕಾಲೂರುವ ಸ್ಥಳಕ್ಕಾಗಿ ಹೆಣಗಾಡುವವನು ಮೂರನೆಯ ಪಕ್ಷದವನು. ಅವನ ಮಾತು ಈ ಎರಡು ಪಕ್ಷಗಳವರ ಕಿವಿಗೂ ಬಿದ್ದಂತಿಲ್ಲ. ಆ ಮೂರನೆಯವನ ಪರವಾಗಿ ನಾಲ್ಕು ಮಾತನ್ನು ಹೇಳಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಗಾಡಿಯೊಳಗೆ ಕಿವಿಗೊಟ್ಟು ಕುಳಿತರೆ ಈ ವಿಷಯದಲ್ಲಿ ಮೂರು ಬಗೆಯ ಅಭಿಪ್ರಾಯಗಳು ಕೇಳಿಬರುತ್ತವೆ. "ಖಾಸಗಿಯವರಿಗೆ ಕೊಟ್ಟುಬಿಡಲಿ, ಗಾಡಿ ಶುಚಿಯಾಗುತ್ತದೆ, ಹೊತ್ತಿಗೆ ಸರಿಯಾಗಿ ಬರುತ್ತದೆ" ಎಂಬುದು ಒಂದು. "ಎಂದಿಗೂ ಕೂಡದು; ಲಾಭಕ್ಕೆ ನಿಂತವನು ಬಡವನ ಗಾಡಿಯನ್ನು ಮೊದಲು ನಿಲ್ಲಿಸುತ್ತಾನೆ" ಎಂಬುದು ಎರಡನೆಯದು. "ಯಾರಾದರೂ ನಡೆಸಲಿ, ನಮ್ಮನ್ನು ಕೇಳುವವರು ಯಾರು?" ಎಂಬುದು ಮೂರನೆಯದು. ಮೊದಲಿನ ಎರಡರಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯಾಂಶವುಂಟು. ಮೂರನೆಯದೋ ಬೇಸತ್ತ ಮನಸ್ಸಿನ ನಿಟ್ಟುಸಿರು. ಆದರೆ ಅದರಲ್ಲಿರುವಷ್ಟು ಚರಿತ್ರೆ ಉಳಿದೆರಡರಲ್ಲಿಯೂ ಇಲ್ಲ. ಹೇಗೆಂಬುದನ್ನು ನೋಡೋಣ.

ನಮ್ಮ ಊರುಗಳ ಮೂಲಕ ಹಾದುಹೋಗುವ ಬೆಂಗಳೂರು–ಮೈಸೂರು ಮಾರ್ಗವು ಯಾವ ಕಂಪೆನಿಯ ಕೊಡುಗೆಯೂ ಅಲ್ಲ. ಅದು ಮೈಸೂರು ಸಂಸ್ಥಾನದ ಸ್ವಂತ ಹಣದಿಂದ ಆದದ್ದು. ೧೮೭೬ರಿಂದ ೧೮೭೮ರ ವರೆಗಿನ ಮಹಾಕ್ಷಾಮದಲ್ಲಿ ಹಸಿದ ಜನರಿಗೆ ಕೂಲಿಯನ್ನು ಒದಗಿಸುವುದಕ್ಕಾಗಿ ಅದರ ಮಣ್ಣಿನ ಕೆಲಸವನ್ನು ಹೂಡಲಾಯಿತು. ಗಾಡಿಯು ೧೮೮೧ರಲ್ಲಿ ಚನ್ನಪಟ್ಟಣಕ್ಕೂ ೧೮೮೨ರಲ್ಲಿ ಮೈಸೂರಿಗೂ ಮುಟ್ಟಿತು. ಒಂದು ತುತ್ತು ಗಂಜಿಗಾಗಿ ನಮ್ಮ ಹಿರಿಯರು ಹೊತ್ತ ಮಣ್ಣಿನ ಮೇಲೆ ಇಂದಿಗೂ ಆ ಹಳಿಗಳು ನಿಂತಿವೆ. ಹೀಗಿರಲು ಆ ಹಳಿಗಳ ಮೇಲೆ ಓಡುವ ಗಾಡಿಯ ವಿಚಾರದಲ್ಲಿ ನಮಗೊಂದು ಮಾತು ಉಂಟೆಂದರೆ ಅದು ಅಧಿಕಪ್ರಸಂಗವಾಗಲಾರದು.

ಆ ಗಾಡಿಯ ಯಜಮಾನಿಕೆಯು ಎಷ್ಟು ಸಲ ಕೈ ಬದಲಾಯಿತೆಂಬುದನ್ನು ಎಣಿಸಿ ನೋಡಿ. ಐದೇ ವರ್ಷಗಳೊಳಗೆ, ೧೮೮೬ರಲ್ಲಿ, ಸಂಸ್ಥಾನವು ತಾನು ಕಟ್ಟಿದ ಸುಮಾರು ೧೪೦ ಮೈಲಿ ಮಾರ್ಗವನ್ನು ಸದರ್ನ್ ಮರಾಠಾ ರೈಲ್ವೆ ಕಂಪೆನಿಯ ವಶಕ್ಕೆ ಒಪ್ಪಿಸಿತು. ಗುಬ್ಬಿಯಿಂದ ಹರಿಹರದ ವರೆಗೆ ಹಳಿಯನ್ನು ಬೆಳೆಯಿಸುವುದಕ್ಕೆ ಹಣ ಬೇಕಾಗಿತ್ತು. ಇಂಗ್ಲೆಂಡಿನಲ್ಲಿ ಸುಮಾರು ಹನ್ನೆರಡು ಲಕ್ಷ ಪೌಂಡುಗಳ ಸಾಲವನ್ನೆತ್ತುವುದಕ್ಕೆ ಕಂಪೆನಿಯು ಬೇಕಾಗಿತ್ತು. ೧೯೦೮ರಲ್ಲಿ ಆ ಕಂಪೆನಿಯು ಮದರಾಸು ರೈಲ್ವೆಯೊಡನೆ ಕೂಡಿ ಹೊಸ ಹೆಸರನ್ನು ತಳೆಯಿತು. ೧೯೧೯ರಲ್ಲಿ ಬೆಂಗಳೂರು–ಮೈಸೂರು ಮಾರ್ಗವು ಸಂಸ್ಥಾನದ ಆಡಳಿತಕ್ಕೆ ಮರಳಿತು. ೧೯೫೦ರಲ್ಲಿ ಸಂಸ್ಥಾನದ ರೈಲ್ವೆಯು ಕೇಂದ್ರ ಸರಕಾರಕ್ಕೆ ಸೇರಿ, ೧೯೫೧ರ ಏಪ್ರಿಲಿನಲ್ಲಿ ದಕ್ಷಿಣ ರೈಲ್ವೆಯ ಅಂಗವಾಯಿತು. ಅಧಿಕಾರದ ಪೀಠವು ಮದರಾಸಿಗೆ ಹೋಯಿತು. ೨೦೦೩ರ ಏಪ್ರಿಲ್ ೧ರಿಂದ ನೈರುತ್ಯ ರೈಲ್ವೆಯೆಂಬ ಹೆಸರಾಗಿ, ಪೀಠವು ಹುಬ್ಬಳ್ಳಿಗೆ ಬಂದಿತು. ಹೀಗೆ ಐದು ಸಲ ಕೈ ಬದಲಾಯಿತು. ಕ್ಲೋಸ್‌ಪೇಟೆಯೆಂಬ ಊರು ರಾಮನಗರವಾಯಿತು. ೨೦೦೭ರಲ್ಲಿ ರಾಮನಗರವೆಂದು ಹುಟ್ಟಿದ ಜಿಲ್ಲೆಯು ೨೦೨೫ರಲ್ಲಿ ಬೆಂಗಳೂರು ದಕ್ಷಿಣವಾಯಿತು. ಫಲಕಗಳನ್ನು ಬರೆಯುವವನಿಗೆ ನಮ್ಮ ಸೀಮೆಯಲ್ಲಿ ಎಂದೂ ಕೆಲಸ ತಪ್ಪಿದ್ದಿಲ್ಲ.

ಈ ಬದಲಾವಣೆಗಳೆಲ್ಲವೂ ಕೆಟ್ಟವೆಂದು ನಾನು ಹೇಳುತ್ತಿಲ್ಲ. ಕಂಪೆನಿಯ ಸಾಲವಿಲ್ಲದೆ ಹರಿಹರದ ಮಾರ್ಗವು ಆ ಕಾಲಕ್ಕೆ ಆಗುತ್ತಿರಲಿಲ್ಲವೇನೋ. ೧೯೧೯ರಲ್ಲಿ ಮನೆಯ ಸ್ವತ್ತು ಮನೆಗೆ ಬಂದಿತೆಂದು ಸಂತೋಷಪಡುವುದಕ್ಕೆ ಕಾರಣವಿತ್ತು. ನೈರುತ್ಯ ರೈಲ್ವೆಯ ಕಾಲದಲ್ಲಿ ಜೋಡಿ ಮಾರ್ಗವೂ ವಿದ್ಯುತ್ತೂ ಬಂದವು. ಅದಕ್ಕಾಗಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಯನ್ನೇ ೨೦೧೭ರಲ್ಲಿ ಇಡಿಯಾಗಿ ಪಕ್ಕಕ್ಕೆ ಸರಿಸಿದರು. ಉಪಕಾರವನ್ನು ಮರೆಯಬಾರದು. ಆದರೆ ಆ ಐದು ಬದಲಾವಣೆಗಳ ಕರಾರುಗಳಿಗೆ ಅಂಕಿತ ಹಾಕಿದವರು ಯಾರು? ಸಂಸ್ಥಾನ, ಕಂಪೆನಿ, ಕೇಂದ್ರ ಸರಕಾರ, ರೈಲ್ವೆ ಮಂಡಳಿ. ಚೀಟಿಯನ್ನು ಕೊಂಡು ಕುಳಿತವನು ಒಂದರಲ್ಲಿಯೂ ಕಕ್ಷಿಗಾರನಾಗಿರಲಿಲ್ಲ. ಎತ್ತನ್ನು ಸಂತೆಯಲ್ಲಿ ಮಾರುವಾಗ ಎತ್ತನ್ನು ಕೇಳುವ ಪದ್ಧತಿಯಿಲ್ಲ, ಅದು ಸರಿ. ಗಾಡಿಯನ್ನು ಮಾರುವಾಗ ಗಾಡಿಯೊಳಗೆ ಕುಳಿತವನನ್ನೂ ಎತ್ತಿನಂತೆಯೇ ಕಾಣಬೇಕೆ?

"ಕೇಳುವ ಪದ್ಧತಿಯಿಲ್ಲವೆಂದು ಹೇಗೆ ಹೇಳುತ್ತೀರಿ? ಪ್ರಯಾಣಿಕರ ಸಲಹಾ ಸಮಿತಿಗಳಿವೆಯಲ್ಲ!" ಎಂದು ಬಲ್ಲವರು ಆಕ್ಷೇಪಿಸಬಹುದು. ಇವೆ, ವಿಭಾಗಕ್ಕೊಂದು, ವಲಯಕ್ಕೊಂದು ಇವೆ. ಅವುಗಳಲ್ಲಿ ಕುಳಿತುಕೊಳ್ಳುವವರು ನಾಮಕರಣದಿಂದ ಬಂದವರು. ಅವರು ಹೇಳುವುದು ಸಲಹೆ. ಸಲಹೆಯನ್ನು ಒಪ್ಪುವುದೂ ಬಿಡುವುದೂ ರೈಲ್ವೆಯವರ ಚಿತ್ತ. ನಮ್ಮ ಗಾಡಿಯು ಚನ್ನಪಟ್ಟಣಕ್ಕೆ ಬಂದ ೧೮೮೧ರಲ್ಲಿಯೇ, ರಂಗಾಚಾರ್ಲು ಅವರ ದಿವಾನಗಿರಿಯಲ್ಲಿ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯೂ ಮೊದಲಾಯಿತೆಂಬುದು ಒಂದು ಸ್ವಾರಸ್ಯ. ಅಹವಾಲನ್ನು ಹೇಳಿಕೊಳ್ಳುವುದಕ್ಕೆ ಅಲ್ಲಿ ಜಾಗವಿತ್ತು; ತೀರ್ಮಾನಿಸುವ ಅಧಿಕಾರವಿರಲಿಲ್ಲ. ಆ ಸಭೆಯು ಬೆಳೆಯುತ್ತ ಬೆಳೆಯುತ್ತ ೧೯೨೩ರಲ್ಲಿ ಶಾಸನಬದ್ಧವಾಯಿತು. ಮುಂದೆ ದೇಶಕ್ಕೆ ಪ್ರಜಾಪ್ರಭುತ್ವವೇ ಬಂದಿತು. ರೈಲ್ವೆಯ ಸಲಹಾ ಸಮಿತಿಯು ಮಾತ್ರ ಇನ್ನೂ ೧೮೮೧ರ ಮೆಟ್ಟಿಲಿನಲ್ಲಿಯೇ ಕುಳಿತಿದೆ.

ಕೇಳದೆ ಇರುವುದರಿಂದ ಬರುವ ನಷ್ಟವೇನೆಂಬುದಕ್ಕೆ ದೂರದ ನಿದರ್ಶನ ಬೇಡ. ೨೦೨೦ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ಕಾರಣ ದೇಶದ ಪ್ರಯಾಣಿಕರ ಗಾಡಿಗಳೆಲ್ಲವೂ ನಿಂತವು. ಅದು ಅನಿವಾರ್ಯವಾಗಿತ್ತು. ಆಮೇಲೆ ಸಾಮಾನ್ಯ ಪ್ಯಾಸೆಂಜರ್ ಗಾಡಿಗಳು ಮರಳಿ ಬಂದವು. ಆದರೆ ಹಳೆಯ ಗಾಡಿಯೇ "ಎಕ್ಸ್‌ಪ್ರೆಸ್ ವಿಶೇಷ"ವೆಂಬ ಬಿರುದನ್ನು ಹೊತ್ತು ಬಂದಿತು. ವೇಗವು ಹೆಚ್ಚಲಿಲ್ಲ, ಬಿರುದಿನ ಬೆಲೆ ಮಾತ್ರ ಹೆಚ್ಚಿತು. ಹತ್ತು ರೂಪಾಯಿಯಾಗಿದ್ದ ಕನಿಷ್ಠ ದರವು ಮೂವತ್ತಾಯಿತು. ರಾಮನಗರದಿಂದ ಬಿಡದಿಗೆ ಹೋಗುವ ಕಾರ್ಮಿಕನೂ ಮೂವತ್ತು ಕೊಡಬೇಕಾಯಿತು. ಹಿರಿಯ ನಾಗರಿಕರ ರಿಯಾಯಿತಿಯನ್ನೂ ಆ ಮಾರ್ಚಿಯಲ್ಲಿಯೇ ಹಿಂತೆಗೆದರು. ದರವು ಹತ್ತಕ್ಕೆ ಇಳಿದದ್ದು ೨೦೨೪ರ ಫೆಬ್ರವರಿಯಲ್ಲಿ. ಈ ಅವಧಿಯಲ್ಲಿ ಯಜಮಾನಿಕೆಯು ಖಾಸಗಿಯವರ ಕೈಯಲ್ಲಿತ್ತೆ? ಇರಲಿಲ್ಲ. ಸರಕಾರದ ಕೈಯಲ್ಲಿದ್ದರೆ ಬಡವನಿಗೆ ಭಯವಿಲ್ಲವೆಂದು ನಂಬಿ ನೆಮ್ಮದಿಯಿಂದಿರುವ ಎರಡನೆಯ ಪಕ್ಷದವರು ಈ ಹತ್ತು ಮೂವತ್ತರ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಬೇಕೆಂದು ಪ್ರಾರ್ಥಿಸುತ್ತೇನೆ.

ಇನ್ನು ಮೊದಲನೆಯ ಪಕ್ಷದವರ ಮಾತು. ೨೦೨೦ರ ಜುಲೈಯಲ್ಲಿ ಕೇಂದ್ರ ಸರಕಾರವು ೧೫೧ ಗಾಡಿಗಳನ್ನು ಖಾಸಗಿಯವರಿಂದ ನಡೆಯಿಸುವ ಯೋಜನೆಯನ್ನು ಪ್ರಕಟಿಸಿತು. ಮಾರ್ಗಗಳನ್ನು ಹನ್ನೆರಡು ಸಮೂಹಗಳಾಗಿ ವಿಂಗಡಿಸಲಾಯಿತು, ಬೆಂಗಳೂರೂ ಅವುಗಳಲ್ಲೊಂದು. ಗುತ್ತಿಗೆಯ ಅವಧಿ ಮೂವತ್ತೈದು ವರ್ಷ. ದರವನ್ನು ಗೊತ್ತುಮಾಡುವ ಸ್ವಾತಂತ್ರ್ಯವು ಗುತ್ತಿಗೆದಾರನದು. ಮರುವರ್ಷದ ಜುಲೈಯಲ್ಲಿ ಟೆಂಡರುಗಳನ್ನು ತೆರೆದು ನೋಡಿದಾಗ ಬಂದಿದ್ದವರು ಇಬ್ಬರೇ. ಅವರೂ ಮುಂಬಯಿ, ದೆಹಲಿಗಳ ಮೂರು ಸಮೂಹಗಳನ್ನು ಮಾತ್ರ ಕೇಳಿದ್ದರು. ಬೆಂಗಳೂರನ್ನು ಕೇಳಿದವರಿಲ್ಲ. ಯೋಜನೆಯು ಅಲ್ಲಿಗೇ ಬಿದ್ದಿತು. ಬಿದ್ದದ್ದಕ್ಕೆ ಕಾರಣ ಪ್ರಯಾಣಿಕರ ವಿರೋಧವೂ ಅಲ್ಲ, ಸಮ್ಮತಿಯೂ ಅಲ್ಲ; ವರ್ತಕರಿಗೆ ಲೆಕ್ಕ ಕೂಡಿಬರಲಿಲ್ಲ, ಅಷ್ಟೆ. ನಾಳೆ ಲೆಕ್ಕವು ಕೂಡಿಬಂದರೆ ಯೋಜನೆಯು ಬೇರೆ ಹೆಸರಿನಲ್ಲಿ ಏಳಬಹುದು. ಆಗಲೂ ನಾವು ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ ಕುಳಿತು ವರ್ತಮಾನ ಪತ್ರಿಕೆಯಲ್ಲಿಯೇ ಅದನ್ನು ಓದಿ ತಿಳಿಯಬೇಕೆ?

ಖಾಸಗಿಯ ಸೊಬಗನ್ನು ಹೊಗಳುವವರು ೨೦೧೯ರ ಅಕ್ಟೋಬರಿನಲ್ಲಿ ಲಖನೌ–ದೆಹಲಿಗಳ ನಡುವೆ ಹೊರಟ ತೇಜಸ್ ಗಾಡಿಯನ್ನು ತೋರಿಸುತ್ತಾರೆ. ಅದನ್ನು ನಡೆಸಿದ ಐ.ಆರ್.ಸಿ.ಟಿ.ಸಿ.ಯು ಸರಕಾರದ್ದೇ ಸಂಸ್ಥೆಯಾದರೂ, ಪದ್ಧತಿಯು ಖಾಸಗಿಯದೆಂದು ಇಟ್ಟುಕೊಳ್ಳೋಣ. ಗಾಡಿಯು ಒಂದು ಗಂಟೆಗೆ ಮೇಲ್ಪಟ್ಟು ತಡವಾದರೆ ನೂರು ರೂಪಾಯಿ, ಎರಡು ಗಂಟೆಗೆ ಮೇಲ್ಪಟ್ಟರೆ ಇನ್ನೂರೈವತ್ತು ರೂಪಾಯಿ ಪರಿಹಾರವೆಂದು ಸಾರಿದರು. ಒಳ್ಳೆಯ ಏರ್ಪಾಡೇ ಸರಿ. ಆದರೆ ೨೦೨೪ರಲ್ಲಿ ಅದು ನಿಂತುಹೋಯಿತು. ಕೊಟ್ಟವನು ತನ್ನ ಇಷ್ಟದಿಂದ ಕೊಟ್ಟಿದ್ದನು. ತನ್ನ ಇಷ್ಟದಿಂದ ನಿಲ್ಲಿಸಿದನು. ಕೃಪೆಗೂ ಹಕ್ಕಿಗೂ ಇರುವ ಅಂತರವೇ ಇದು. ಕೃಪೆಯು ಯಜಮಾನನ ಮನಸ್ಸಿನಲ್ಲಿರುತ್ತದೆ. ಹಕ್ಕು ಕರಾರಿನ ಕಾಗದದಲ್ಲಿರುತ್ತದೆ. ಅದೇ ವರ್ಷ ಸರಕಾರವು ಮೂವತ್ತನ್ನು ಹತ್ತಕ್ಕಿಳಿಸಿದ್ದೂ ಕೃಪೆಯೇ. ಅದನ್ನು ಹಕ್ಕೆಂದು ಭ್ರಮಿಸಬಾರದು.

ಈ ವಿಚಾರದಲ್ಲಿ ಇಂಗ್ಲೆಂಡಿನ ಅನುಭವವು ನಮಗೆ ಪಾಠವಾಗತಕ್ಕದ್ದು. ೧೯೯೩ರ ಕಾನೂನಿನಂತೆ ಅಲ್ಲಿ ರೈಲುಗಳ ನಡವಳಿಕೆಯನ್ನು ಅವಧಿಗೊತ್ತಿನ ಗುತ್ತಿಗೆಯ ಮೇಲೆ ಕಂಪೆನಿಗಳಿಗೆ ಹಂಚಿದರು. ಲಂಡನ್ನಿನ ನೈರುತ್ಯ ದಿಕ್ಕಿನ ಗಾಡಿಗಳು ೧೯೯೬ರಲ್ಲಿ ಒಂದು ಕಂಪೆನಿಗೆ ಹೋದವು. ೨೦೧೭ರಲ್ಲಿ ಮತ್ತೊಂದು ಕೂಟಕ್ಕೆ ಹೋದವು. ಆ ಕೂಟವು ಇಟ್ಟುಕೊಂಡ ಹೆಸರು ಸೌತ್ ವೆಸ್ಟರ್ನ್ ರೈಲ್ವೆ, ಅಂದರೆ ಅಕ್ಷರಶಃ ನಮ್ಮ ನೈರುತ್ಯ ರೈಲ್ವೆಯ ಹೆಸರೇ. ೨೦೨೫ರ ಮೇ ೨೫ರಂದು, ಹಿಂದಿನ ವರ್ಷದ ಕಾನೂನಿನ ಬಲದಿಂದ, ಅದು ಸರಕಾರದ ಸ್ವಾಧೀನಕ್ಕೆ ಮರಳಿತು. ಮರಳಿದ ದಿನದ ಮೊತ್ತಮೊದಲಿನ ಪ್ರಯಾಣದಲ್ಲಿ, ಹಳಿಯ ಕೆಲಸದ ನಿಮಿತ್ತ, ದಾರಿಯ ಒಂದು ಭಾಗಕ್ಕೆ ಬಸ್ಸನ್ನು ಹೂಡಬೇಕಾಯಿತಂತೆ. ಯಜಮಾನನ ಹೆಸರು ಬದಲಾದ ಮಾತ್ರಕ್ಕೆ ಹಳಿ ನೆಟ್ಟಗಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸಣ್ಣ, ಇದಕ್ಕಿಂತ ಸೊಗಸಾದ ದೃಷ್ಟಾಂತವು ಸಿಕ್ಕಲಾರದು. ಅದೇ ದೇಶದ ಪೂರ್ವತೀರದ ಮಾರ್ಗದಲ್ಲಿಯಂತೂ ೨೦೦೯ರಲ್ಲಿ ಒಂದು ಕಂಪೆನಿಯೂ ೨೦೧೮ರಲ್ಲಿ ಇನ್ನೊಂದೂ ಹಣದ ಭಾರವನ್ನು ಹೊರಲಾರದೆ ಕೈಬಿಟ್ಟವು. ಎರಡು ಸಲವೂ ಸರಕಾರವೇ ಹೆಗಲು ಕೊಡಬೇಕಾಯಿತು.

ಆದರೆ ಅಲ್ಲಿಂದ ನಾವು ಕಲಿಯಬೇಕಾದದ್ದು ಖಾಸಗಿಯ ಸೋಲಲ್ಲ, ಸರಕಾರದ ಗೆಲುವೂ ಅಲ್ಲ. ಪ್ರಯಾಣಿಕರ ಹಿತವನ್ನು ನೋಡುವುದಕ್ಕೆಂದೇ ಅಲ್ಲಿ ಶಾಸನಬದ್ಧವಾದ ಒಂದು ಸಂಸ್ಥೆಯಿದೆ. ಗಾಡಿಯಲ್ಲಿ ಕೂತವರ ಅಭಿಪ್ರಾಯವನ್ನು ಸಂಗ್ರಹಿಸಿ, ಎಣಿಸಿ, ಅಚ್ಚು ಹಾಕಿಸುವುದು ಅದರ ಕೆಲಸ. ಗುತ್ತಿಗೆಯನ್ನು ಹೊಸದಾಗಿ ಕೊಡುತ್ತಿದ್ದ ಕಾಲದಲ್ಲಿ ಆ ಅಭಿಪ್ರಾಯಗಳನ್ನು ಸರಕಾರದ ಮುಂದೆ ಇಡುತ್ತಿತ್ತು. ಗಾಡಿಯು ತಡವಾದರೆ ಚೀಟಿಯ ಹಣದಲ್ಲಿ ಇಂತಿಷ್ಟು ಭಾಗವನ್ನು ಹಿಂದಕ್ಕೆ ಕೇಳುವ ಏರ್ಪಾಡುಂಟು. ಅಷ್ಟರಿಂದಲೇ ಅಲ್ಲಿನ ಗಾಡಿಗಳೆಲ್ಲ ಸರಿಹೋದವೆಂದಲ್ಲ; ಅಲ್ಲಿಯೂ ಗೊಣಗುವವರಿಗೆ ಕೊರತೆಯಿಲ್ಲ. ಗೊಣಗಿದ್ದನ್ನು ಬರೆದಿಟ್ಟುಕೊಳ್ಳುವವರಿದ್ದಾರೆಂಬುದೇ ಭೇದ.

ನಮ್ಮಲ್ಲಿಯೂ ೨೦೨೧ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ತಡಕ್ಕೆ ಸಮಂಜಸವಾದ ಕಾರಣವನ್ನು ತೋರಿಸದಿದ್ದರೆ ರೈಲ್ವೆಯವರು ಪರಿಹಾರಕ್ಕೆ ಹೊಣೆಯೆಂದು ತೀರ್ಪಿತ್ತಿತು. ನ್ಯಾಯವು ಸ್ಪಷ್ಟವಾಗಿದೆ. ಆದರೆ ಹತ್ತು ರೂಪಾಯಿಯ ಚೀಟಿಯನ್ನು ಹಿಡಿದು ಗ್ರಾಹಕ ನ್ಯಾಯಾಲಯದ ಮೆಟ್ಟಿಲನ್ನು ಹತ್ತುವಷ್ಟು ಬಿಡುವು ಯಾವ ನೇಕಾರನಿಗಿದೆ? ಯಾವ ಕೂಲಿಯವನಿಗಿದೆ? ಒಬ್ಬೊಬ್ಬನೂ ದಾವೆ ಹೂಡಿ ಪಡೆಯಬೇಕಾದ ನ್ಯಾಯವು ಹತ್ತು ಸಾವಿರ ಜನರಿಗೆ ನ್ಯಾಯವಾಗಲಾರದು.

ನಮ್ಮ ಸೀಮೆಗೆ ಈ ಪ್ರಶ್ನೆಯು ಏತಕ್ಕೆ ತುರ್ತಿನದೆಂಬುದನ್ನು ಹೆದ್ದಾರಿಯು ತೋರಿಸಿಕೊಟ್ಟಿದೆ. ೨೦೨೩ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯು ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಹೊರಗಿನಿಂದಲೇ ಬಳಸಿ ಹೋಗುತ್ತದೆ. ಅವಸರದವರಿಗೆ ಅದು ವರವೇ. ಆದರೆ ಹಳೆಯ ರಸ್ತೆಯ ಪಕ್ಕದ ಬೊಂಬೆಯಂಗಡಿಗಳ ಮುಂದೆ ನಿಲ್ಲುತ್ತಿದ್ದ ಮೋಟಾರುಗಳು ಈಗ ಊರಿನ ಹೆಸರನ್ನು ಫಲಕದಲ್ಲಿ ಓದಿಕೊಂಡು ಮುಂದೆ ಸಾಗುತ್ತವೆ. ರೈಲಿಗೂ ಅದೇ ಗಾಳಿ ಬೀಸಿದೆ. ೨೦೨೨ರ ನವೆಂಬರಿನಲ್ಲಿ ಹೊರಟ ಚೆನ್ನೈ–ಮೈಸೂರು ವಂದೇ ಭಾರತ್ ಗಾಡಿಯು ನಮ್ಮ ಎರಡು ಪಟ್ಟಣಗಳ ನಿಲ್ದಾಣಗಳಲ್ಲಿ ನಿಲ್ಲದೆ ಧೂಳೆಬ್ಬಿಸಿ ಹೋಗುವುದನ್ನು ಎಲ್ಲರೂ ನೋಡಿದ್ದೇವೆ. ಅದು ನಿಲ್ಲಲೇಬೇಕೆಂಬುದು ನನ್ನ ವಾದವಲ್ಲ; ದೂರದ ಗಾಡಿಗೆ ದೂರದ ಧರ್ಮವಿದೆ. ಆದರೆ ನಿಲ್ಲದ ಗಾಡಿಗೆ ದಾರಿ ಬಿಡುವುದಕ್ಕಾಗಿ ನಿಲ್ಲುವ ಗಾಡಿಯನ್ನು ಕಾಯಿಸುವುದಾದರೆ, ಕಾಯುವವನ ಹೊತ್ತಿಗೂ ಒಂದು ಬೆಲೆಯುಂಟೆಂಬುದನ್ನು ಯಾರಾದರೂ ಬರೆದಿಡಬೇಡವೆ? ಲಾಭಕ್ಕೆ ಬರುವ ಗುತ್ತಿಗೆದಾರನು ನಿಲ್ಲದ ಗಾಡಿಯನ್ನೇ ಕೇಳುತ್ತಾನೆ. ಕೇತೋಹಳ್ಳಿಯಲ್ಲಿಯೂ ಸೆಟ್ಟಿಹಳ್ಳಿಯಲ್ಲಿಯೂ ನಿಲ್ಲುವ ಗಾಡಿಯನ್ನು ಅವನಾಗಿ ಕೇಳುವನೆ? ಕೇಳದಿದ್ದರೆ ಅದನ್ನು ನಡೆಸುವ ಹೊಣೆ ಯಾರದು?

ಕನಕಪುರ, ಮಾಗಡಿಗಳವರು "ನಮ್ಮೂರಿಗೆ ರೈಲೇ ಇಲ್ಲ, ಈ ಜಗಳವು ನಮಗೇಕೆ?" ಎನ್ನಬಾರದು. ಹೆಜ್ಜಾಲದಿಂದ ಕನಕಪುರದ ಮೇಲೆ ಚಾಮರಾಜನಗರಕ್ಕೆ ಹೋಗಬೇಕಾದ ಮಾರ್ಗವು ೧೯೯೬-೯೭ರಲ್ಲಿಯೇ ಮಂಜೂರಾದದ್ದು. ಅಂದು ಹುಟ್ಟಿದ ಮಗುವಿಗೆ ಮದುವೆಯ ವಯಸ್ಸಾಯಿತು, ಹಳಿ ಮಾತ್ರ ಕಾಗದವನ್ನು ಬಿಟ್ಟು ಕೆಳಗಿಳಿಯಲಿಲ್ಲ. ಇರುವ ರೈಲಿನ ಪ್ರಯಾಣಿಕನಿಗೆ ಬಾಯಿಲ್ಲದಿರುವಾಗ, ಬಾರದ ರೈಲಿನ ಪ್ರಯಾಣಿಕನಿಗೆ ಎಲ್ಲಿಯ ಬಾಯಿ? ಬಸ್ಸಿನಲ್ಲಿ ರಾಮನಗರಕ್ಕೋ ಬಿಡದಿಗೋ ಬಂದು ರೈಲನ್ನು ಹಿಡಿಯುವವರೂ ಪ್ರಯಾಣಿಕರೇ. ಗೂಡಿನ ಮಾರುಕಟ್ಟೆಗೆ ಬರುವ ರೈತನೂ ಪ್ರಯಾಣಿಕನೇ.

ಆದುದರಿಂದ ನಾನು ಹೇಳಬೇಕೆಂದಿರುವುದು ಇಷ್ಟು. ಯಜಮಾನನು ಯಾರೆಂಬುದು ಎರಡನೆಯ ಪ್ರಶ್ನೆ. ಕರಾರಿನಲ್ಲಿ ಪ್ರಯಾಣಿಕನಿಗೆ ಸ್ಥಾನವಿದೆಯೆ ಎಂಬುದು ಮೊದಲನೆಯದು. ಅದಕ್ಕೆ ನಾಲ್ಕು ವಿಧಿಗಳು ಬೇಕು. ಎಲ್ಲ ನಿಲ್ದಾಣಗಳಲ್ಲಿಯೂ ನಿಲ್ಲುವ ಸಾಮಾನ್ಯ ಗಾಡಿಗಳು ದಿನಕ್ಕೆ ಇಷ್ಟಕ್ಕೆ ಕಡಿಮೆಯಾಗಬಾರದೆಂದೂ, ಅವುಗಳ ಹೆಸರನ್ನು ಬದಲಾಯಿಸಿ ದರವನ್ನು ಏರಿಸಕೂಡದೆಂದೂ ಬರಹದಲ್ಲಿರಬೇಕು. ಪ್ರತಿ ನಿಲ್ದಾಣಕ್ಕೆ ಯಾವ ಗಾಡಿಯು ಎಷ್ಟು ತಡವಾಗಿ ಬಂದಿತೆಂಬ ಲೆಕ್ಕವನ್ನು ತಿಂಗಳಿಗೊಮ್ಮೆ ಕನ್ನಡದಲ್ಲಿ ಅಲ್ಲಿಯೇ ತೂಗುಹಾಕಬೇಕು. ಮಿತಿಮೀರಿ ತಡವಾದ ತಿಂಗಳಲ್ಲಿ, ದಾವೆಯಿಲ್ಲದೆ ಅರ್ಜಿಯಿಲ್ಲದೆ, ಮಾಸಿಕ ಪಾಸಿನವನಿಗೆ ಮುಂದಿನ ಪಾಸಿನ ಹಣದಲ್ಲಿ ಸೋಡಿ ಕೊಡಬೇಕು. ಗಾಡಿಗಳ ನಡವಳಿಕೆಯನ್ನು ಬೇರೆಯವರಿಗೆ ವಹಿಸುವುದಕ್ಕೆ ಮುಂಚೆ ನಮ್ಮ ನಾಲ್ಕು ಊರುಗಳಲ್ಲಿಯೂ ಬಹಿರಂಗ ವಿಚಾರಣೆಯನ್ನು ನಡೆಯಿಸಿ, ಅಲ್ಲಿ ಬಂದ ಅಭಿಪ್ರಾಯಗಳನ್ನು ಅಚ್ಚು ಹಾಕಿಸಿ, ಒಪ್ಪದವುಗಳಿಗೆ ಕಾರಣವನ್ನು ಹೇಳಬೇಕು. ಈ ನಾಲ್ಕಕ್ಕೆ ಒಪ್ಪುವ ಖಾಸಗಿಯವನು ಬಂದರೆ ಬರಲಿ. ಒಪ್ಪದ ಸರಕಾರವಿದ್ದರೆ ಒಪ್ಪುವಂತೆ ಮಾಡೋಣ.

"ಇದಕ್ಕೆಲ್ಲ ಹಣವೆಲ್ಲಿ? ಪ್ರಯಾಣಿಕನು ಕೊಡುವುದು ಅರ್ಧಕ್ಕೆ ಸ್ವಲ್ಪ ಹೆಚ್ಚಷ್ಟೆ" ಎಂಬ ಉತ್ತರವು ಸಿದ್ಧವಾಗಿರುತ್ತದೆ. ರೈಲ್ವೆಯವರು ೨೦೧೬ರಲ್ಲಿ ಚೀಟಿಗಳ ಮೇಲೆಯೇ, ಪ್ರಯಾಣದ ವೆಚ್ಚದಲ್ಲಿ ಸರಾಸರಿ ನೂರಕ್ಕೆ ಐವತ್ತೇಳು ಪಾಲು ಮಾತ್ರ ತಮಗೆ ಬರುತ್ತದೆಂದು ಅಚ್ಚು ಹಾಕಿಸತೊಡಗಿದರು. ಸತ್ಯವೇ ಇರಲಿ. ಮಿಕ್ಕ ಪಾಲು ಆಕಾಶದಿಂದ ಬೀಳುವುದಿಲ್ಲ. ಸರಕು ಸಾಗಣೆಯ ದರವಾಗಿಯೋ ತೆರಿಗೆಯಾಗಿಯೋ ಅದೂ ನಮ್ಮ ಅಕ್ಕಿಬೇಳೆಯಿಂದಲೇ ಹೋಗತಕ್ಕದ್ದು. ಮತ್ತು ನನ್ನ ನಾಲ್ಕು ವಿಧಿಗಳಲ್ಲಿ ಎರಡಕ್ಕೆ ಬೇಕಾದದ್ದು ಕಾಗದ, ಶಾಯಿ, ಸ್ವಲ್ಪ ವಿನಯ. ನಮ್ಮ ಋಣವನ್ನು ಚೀಟಿಯ ಮೇಲೆ ಅಚ್ಚು ಹಾಕಿಸಲು ಸ್ಥಳವನ್ನು ಕಂಡವರು, ತಮ್ಮ ಹೊಣೆಯನ್ನು ಅಚ್ಚು ಹಾಕಿಸಲೂ ಒಂದು ಅಂಗುಲ ಸ್ಥಳವನ್ನು ಕಾಣಲಾರರೆ?

ಕೊನೆಯದಾಗಿ, ಮೂರನೆಯ ಪಕ್ಷದವರೊಡನೆ ಒಂದು ಮಾತು. "ನಮ್ಮನ್ನು ಕೇಳುವವರು ಯಾರು" ಎಂದು ನಿಟ್ಟುಸಿರಿಡುವುದು ಸುಲಭ. ಯಾರೂ ಕೇಳದಿರುವುದಕ್ಕೆ ನಮ್ಮ ಮೌನವೂ ಒಂದು ಕಾರಣ. ಊರಿನ ಗ್ರಂಥಾಲಯದಲ್ಲಿ, ಶಾಲೆಯ ಅಂಗಳದಲ್ಲಿ, ಸಂಘದ ಮುಂದಿನ ಸಭೆಯಲ್ಲಿ ಈ ನಾಲ್ಕು ವಿಧಿಗಳನ್ನು ಓದಿ ಚರ್ಚಿಸಿ, ತಿದ್ದಬೇಕಾದುದನ್ನು ತಿದ್ದಿ, ಹುಬ್ಬಳ್ಳಿಗೂ ದೆಹಲಿಗೂ ಬರೆದು ಕಳುಹಿಸೋಣ. ಕ್ಷಾಮದ ವರ್ಷದಲ್ಲಿ ಮಣ್ಣನ್ನು ಹೊತ್ತವರಿಗೆ ಓದುಬರಹವಿರಲಿಲ್ಲ. ಕೇಳಬೇಕೆಂದು ಅವರಿಗೆ ತಿಳಿಯಲಿಲ್ಲ. ನಮಗೆ ಆ ನೆಪವಿಲ್ಲ.